ಕರಗಿದ ತಾಮ್ರ ಎಲ್ಲಿಗೆ ಹೋಯಿತು? - ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಮಾಡುವವರಿಗೆ ಒಂದಿಷ್ಟು ಎಚ್ಚರಿಕೆ

ಇಂಜಿನಿಯರಿಂಗ್, ಡಿಪ್ಲೊಮಾ ಅಥವಾ ಐಟಿಐ ಓದುವ ಮಕ್ಕಳಿರುವ ಮನೆಗಳಲ್ಲಿ ಈ ದೃಶ್ಯ ಹೊಸದೇನಲ್ಲ. ಬಾತ್‌ರೂಮಿನ ಮೂಲೆಯಲ್ಲೊಂದು ಹಳೆಯ ಪ್ಲಾಸ್ಟಿಕ್ ಡಬ್ಬಿ, ಅದರಲ್ಲಿ ಕಂದು ಬಣ್ಣದ ನೀರು, ನೀರಿನೊಳಗೆ ಅಂಗೈ ಅಗಲದ ಒಂದು ಹಲಗೆ. ಮೊಬೈಲ್‌ನಲ್ಲಿ ವಿಡಿಯೋ ನೋಡುತ್ತಾ ಮಗನೋ ಮಗಳೋ ಆ ಡಬ್ಬಿಯನ್ನು ಅತ್ತಿತ್ತ ಅಲ್ಲಾಡಿಸುತ್ತಿರುತ್ತಾರೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಹಲಗೆಯ ಮೇಲಿದ್ದ ತಾಮ್ರ ಮಾಯವಾಗಿ, ಬೇಕಾದ ಗೆರೆಗಳಷ್ಟೇ ಉಳಿಯುತ್ತವೆ. ಬೋರ್ಡ್ ತಯಾರಾಯಿತು. ಆ ನೀರನ್ನು ಕಮೋಡಿಗೆ ಸುರಿದು ಫ್ಲಶ್ ಒತ್ತಿದರೆ ಕೆಲಸ ಮುಗಿಯಿತು.

ನಿಜವಾಗಿಯೂ ಮುಗಿಯಿತೇ? ತಾಮ್ರ ಮಾಯವಾಯಿತು ಅಂದರೆ ಎಲ್ಲಿಗೆ ಹೋಯಿತು? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೆ, ಈ ಕೆಲಸದ ಬಹುಪಾಲು ಅಪಾಯಗಳು ತಾವಾಗಿಯೇ ಅರ್ಥವಾಗುತ್ತವೆ. ವಿಡಿಯೋಗಳು ಬೋರ್ಡ್ ಹೊಳೆಯುವ ಕ್ಷಣಕ್ಕೆ ನಿಂತುಬಿಡುತ್ತವೆ. ಆದರೆ ರಾಸಾಯನಿಕದ ಕೆಲಸ ಅಲ್ಲಿಗೆ ನಿಲ್ಲುವುದಿಲ್ಲ. ಅದರ ಹೊಗೆ ಪಕ್ಕದ ಕೋಣೆಗೆ, ಅದರ ಬಾಟಲಿ ಕಪಾಟಿಗೆ, ಅದರ ನೀರು ಚರಂಡಿಗೆ ಹೋಗುತ್ತದೆ. ಪ್ರಯೋಗ ಮಾಡಿದವರು ಒಬ್ಬರು, ಅದರ ಫಲ ಉಣ್ಣುವವರು ಹಲವರು. ಮನೆ ಮತ್ತು ಪ್ರಯೋಗಾಲಯಕ್ಕೆ ಇರುವ ವ್ಯತ್ಯಾಸವೇ ಇದು.

ನಡೆಯುವುದೇನು?

ರೇಡಿಯೋ, ಟಿವಿ, ಮೊಬೈಲ್ ಯಾವುದನ್ನು ಬಿಚ್ಚಿದರೂ ಒಳಗೆ ಹಸಿರು ಹಲಗೆಯೊಂದು ಕಾಣುತ್ತದೆ. ಅದೇ ಪಿಸಿಬಿ, ಅಂದರೆ ಮುದ್ರಿತ ಸರ್ಕ್ಯೂಟ್ ಬೋರ್ಡ್. ಮೊದಲು ವಯರುಗಳನ್ನು ಒಂದೊಂದಾಗಿ ಬೆಸೆದು ರೇಡಿಯೋ ಮಾಡುತ್ತಿದ್ದರು. ವಿಯೆನ್ನಾದಲ್ಲಿ ಹುಟ್ಟಿ ಲಂಡನ್ನಿಗೆ ಬಂದು ನೆಲೆಸಿದ ಪಾಲ್ ಐಸ್ಲರ್ ಎಂಬ ಇಂಜಿನಿಯರ್ 1936ರ ಸುಮಾರಿಗೆ ಇಂಥ ಮುದ್ರಿತ ಹಲಗೆ ಇಟ್ಟು ರೇಡಿಯೋ ಮಾಡಿ ತೋರಿಸಿದರು. ಇಂದಿನ ಎಲ್ಲಾ ಇಲೆಕ್ಟ್ರಾನಿಕ್ಸ್ ನಿಂತಿರುವುದು ಈ ಉಪಾಯದ ಮೇಲೆ.

ಅಂಗಡಿಯಲ್ಲಿ ಸಿಗುವ ಖಾಲಿ ಹಲಗೆಯ ಮೇಲೆ ತಾಮ್ರದ ತೆಳುವಾದ ಹಾಳೆ ಅಂಟಿರುತ್ತದೆ. ಸಾಮಾನ್ಯವಾಗಿ ಅದರ ದಪ್ಪ 35 ಮೈಕ್ರಾನ್. ನಮಗೆ ಬೇಕಾದ ಗೆರೆಗಳನ್ನು ಮಾರ್ಕರ್ ಪೆನ್ನಿನಿಂದ ಬರೆಯುತ್ತೇವೆ, ಇಲ್ಲವೆ ಲೇಸರ್ ಪ್ರಿಂಟನ್ನು ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಇಳಿಸುತ್ತೇವೆ. ಆ ಶಾಯಿಯ ಅಡಿಯ ತಾಮ್ರ ಉಳಿಯುತ್ತದೆ, ಉಳಿದದ್ದು ರಾಸಾಯನಿಕದಲ್ಲಿ ಕರಗುತ್ತದೆ. ಇದಕ್ಕೆ ಎಚಿಂಗ್ ಅನ್ನುತ್ತಾರೆ.

ಇದನ್ನು ಅರ್ಥ ಮಾಡಿಕೊಳ್ಳಲು ದೊಡ್ಡ ಪುಸ್ತಕ ಬೇಡ. ಮದುವೆ ಮನೆಯಲ್ಲಿ ಬಿರಿಯಾನಿ ಬೇಯುವ ತಾಮ್ರದ ದೇಗ್ ನೋಡಿದ್ದೀರಲ್ಲ, ಅದರ ಒಳಗೋಡೆ ಬೆಳ್ಳಗೆ ಹೊಳೆಯುತ್ತದೆ. ಅದು ಕಲಾಯಿ, ಅಂದರೆ ತವರದ ಲೇಪ. ಕಲಾಯಿ ಸವೆದ ಪಾತ್ರೆಯಲ್ಲಿ ಹುಣಸೆಹುಳಿ, ಮೊಸರು ಇಟ್ಟರೆ ಹಿರಿಯರು ಬೈಯುತ್ತಾರೆ. ಯಾಕೆಂದರೆ ಹುಳಿ ತಾಮ್ರವನ್ನು ಕರಗಿಸುತ್ತದೆ, ಹಾಗೆ ಕರಗಿದ ತಾಮ್ರ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು ಬರುತ್ತದೆ. ಓದು ಬರಹ ಇಲ್ಲದ ಅಜ್ಜಿಗೂ ಗೊತ್ತಿದ್ದ ವಿಷಯ ಇದು: ತಾಮ್ರ ಹಾಳೆಯಾಗಿ, ಪಾತ್ರೆಯಾಗಿ ಇರುವಷ್ಟು ಹೊತ್ತು ನಿರಪಾಯ, ಕರಗಿ ನೀರಿಗೆ ಸೇರಿದರೆ ವಿಷ. ಎಚಿಂಗ್ ಮಾಡುವಾಗ ಅದೇ ಕೆಲಸವನ್ನು ನಾವು ಬೇಕೆಂದೇ, ಬಹಳ ಜೋರಾದ ಹುಳಿಯಿಂದ ಮಾಡುತ್ತೇವೆ. ತಾಮ್ರ ನಾಶವಾಗುವುದಿಲ್ಲ, ಹಲಗೆಯಿಂದ ನೀರಿಗೆ ಜಾಗ ಬದಲಿಸುತ್ತದೆ, ಅಷ್ಟೆ.

ಯಾವ ರಾಸಾಯನಿಕ, ಏನು ಅಪಾಯ

ಮುಂಬೈಯ ಲ್ಯಾಮಿಂಗ್ಟನ್ ರೋಡ್, ಚೆನ್ನೈಯ ರಿಚ್ಚಿ ಸ್ಟ್ರೀಟ್, ದಿಲ್ಲಿಯ ಲಜಪತ್ ರಾಯ್ ಮಾರ್ಕೆಟ್, ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ, ಬೆಂಗಳೂರಿನ ಎಸ್.ಪಿ. ರೋಡ್ - ಇಂಥ ಕಡೆ ಬಿಡಿ ಭಾಗ ಕೊಳ್ಳಲು ಹೋದವರಿಗೆ ಮೊದಲು ಸಿಗುವುದು ಫೆರಿಕ್ ಕ್ಲೋರೈಡ್. ಪುಡಿಯಾಗಿಯೋ, ಹಳದಿ-ಕಂದು ಉಂಡೆಗಳಾಗಿಯೋ ಪ್ಯಾಕೆಟ್‌ನಲ್ಲಿ ಬರುತ್ತದೆ. ಮನೆಯಲ್ಲಿ ಮಾಡುವವರಿಗೆ ಉಳಿದವುಗಳಿಗಿಂತ ಇದೇ ವಾಸಿ, ಏಕೆಂದರೆ ಹೊಗೆ ಕಡಿಮೆ, ಕೆಲಸ ನಿಧಾನ. ಆದರೆ ವಾಸಿ ಅಂದ ಮಾತ್ರಕ್ಕೆ ಸಾಧು ಅಲ್ಲ. ಒಣ ಪುಡಿ ನೀರಿಗೆ ಬಿದ್ದೊಡನೆ ಬಿಸಿ ಏಳುತ್ತದೆ, ಉಸಿರು ಕಟ್ಟಿಸುವ ಹುಳಿ ಆವಿಯೂ ಬರುತ್ತದೆ. ಆದ್ದರಿಂದ ಮೊದಲು ತಣ್ಣೀರು, ಆಮೇಲೆ ಅದಕ್ಕೆ ಚಮಚ ಚಮಚವಾಗಿ ಪುಡಿ. ಪುಡಿಯ ಮೇಲೆ ನೀರು ಸುರಿಯಬಾರದು. ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಬಟ್ಟೆಗೆ, ಟೈಲ್ಸ್‌ಗೆ ಬಿದ್ದ ಕಲೆ ಸುಲಭಕ್ಕೆ ಹೋಗುವುದಿಲ್ಲ.

ಇನ್ನೊಂದು ಮಾತು. ಫೆರಿಕ್ ಕ್ಲೋರೈಡ್‌ಗೆ ತಾಮ್ರ ಒಂದೇ ಆಹಾರವಲ್ಲ. ಸ್ಟೀಲ್ ಸಿಂಕನ್ನು ಅದು ತೂತು ತೂತು ಮಾಡುತ್ತದೆ. ಅಲ್ಯೂಮಿನಿಯಂ ಪಾತ್ರೆಗೆ ಹಾಕಿದರಂತೂ ಕುದಿಯುವಷ್ಟು ಬಿಸಿಯಾಗಿ ಮೇಲಕ್ಕೆ ಚಿಮ್ಮಬಹುದು. ಪ್ಲಾಸ್ಟಿಕ್ ಅಥವಾ ಗಾಜಿನ ಡಬ್ಬಿ ಮಾತ್ರ ಬಳಸಬೇಕು. ಬೆಚ್ಚಗಿದ್ದರೆ ಕೆಲಸ ಬೇಗ ಆಗುತ್ತದೆ ನಿಜ, ಹಾಗಂತ ಡಬ್ಬಿಯನ್ನು ಒಲೆಯ ಮೇಲೆ ಅಥವಾ ಮೈಕ್ರೋವೇವ್‌ನಲ್ಲಿ ಇಡಬಾರದು. ದೊಡ್ಡ ಪ್ಲಾಸ್ಟಿಕ್ ಟಬ್ಬಿನಲ್ಲಿ ಬಿಸಿನೀರು ಹಾಕಿ, ಅದರೊಳಗೆ ಡಬ್ಬಿ ಇಟ್ಟರೆ ಸಾಕು.

ಎರಡನೆಯದು ಹೈಡ್ರೋಕ್ಲೋರಿಕ್ ಆ್ಯಸಿಡ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್‌ಗಳ ಮಿಶ್ರಣ. ವಿಡಿಯೋಗಳಿಗೆ ಬಹಳ ಪ್ರಿಯವಾದದ್ದು ಇದು. ಎರಡೂ ಸುಲಭವಾಗಿ ಸಿಗುತ್ತವೆ, ಎರಡೇ ನಿಮಿಷದಲ್ಲಿ ಬೋರ್ಡ್ ಆಗುತ್ತದೆ ಅನ್ನುತ್ತಾರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಟಾಯ್ಲೆಟ್ ಆ್ಯಸಿಡ್ ಎಂದೋ ತೇಜಾಬ್ ಎಂದೋ ಕೊಡುವುದು ಈ ಹೈಡ್ರೋಕ್ಲೋರಿಕ್ ಆ್ಯಸಿಡ್ಡನ್ನೇ. ಅದರ ಮುಚ್ಚಳ ತೆರೆದರೆ ಸಾಕು, ಬಿಳಿ ಹೊಗೆ ಏಳುತ್ತದೆ. ಆ ಹೊಗೆ ಮೂಗು, ಗಂಟಲು, ಶ್ವಾಸಕೋಶವನ್ನು ಸುಡುತ್ತದೆ. ಅದೇ ಕಪಾಟಿನಲ್ಲಿರುವ ಕತ್ತರಿ, ಇಕ್ಕಳ, ಹೊಲಿಗೆ ಯಂತ್ರದ ಸೂಜಿ ಎಲ್ಲವೂ ಕೆಲವೇ ದಿನಗಳಲ್ಲಿ ತುಕ್ಕು ಹಿಡಿಯುತ್ತವೆ. ಕಬ್ಬಿಣಕ್ಕೇ ಹೀಗಾದರೆ ಎದೆಗೂಡಿಗೆ ಹೇಗಾಗಬೇಡ?

ಈ ಎರಡನ್ನೂ ಬೆರೆಸಿದಾಗ ಅವು ಗಟ್ಟಿಯಾಗಿದ್ದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಮಿಶ್ರಣ ತಾನೇ ಬಿಸಿಯಾಗಿ, ಬಿಸಿಯಾದಷ್ಟೂ ವೇಗ ಪಡೆದು ಉಕ್ಕಬಹುದು. ಮೆಡಿಕಲ್ ಶಾಪ್‌ನಲ್ಲಿ ಗಾಯ ತೊಳೆಯಲು ಕೊಡುವ ಪೆರಾಕ್ಸೈಡ್ ಬಹಳ ತೆಳುವಾದದ್ದು. ರಾಸಾಯನಿಕ ಅಂಗಡಿಯಲ್ಲಿ ಸಿಗುವ ಶೇ. 30ರದ್ದು ಚರ್ಮಕ್ಕೆ ತಗುಲಿದರೆ ಬೆಳ್ಳಗೆ ಸುಟ್ಟ ಕಲೆ ಮಾಡುತ್ತದೆ. ಉಳಿದ ಮಿಶ್ರಣವನ್ನು ಬಾಟಲಿಗೆ ತುಂಬಿ ಬಿರಡೆ ಬಿಗಿದಿಡುವುದಂತೂ ಬೇಡವೇ ಬೇಡ. ಪೆರಾಕ್ಸೈಡ್ ಒಡೆಯುತ್ತಾ ಆಮ್ಲಜನಕ ಬಿಡುತ್ತಲೇ ಇರುತ್ತದೆ. ಬಾಟಲಿ ಉಬ್ಬಿ, ರಾತ್ರಿ ಎಲ್ಲರೂ ಮಲಗಿದ್ದಾಗ ಸಿಡಿದು ಆ್ಯಸಿಡ್ ಎರಚಬಹುದು.

ಮೂರನೆಯದು ಸೋಡಿಯಂ ಅಥವಾ ಅಮೋನಿಯಂ ಪರ್‌ಸಲ್ಫೇಟ್. ನೋಡಲು ಬಿಳಿ ಹರಳು, ಕರಗಿಸಿದರೆ ತಿಳಿನೀರು, ಕಲೆ ಇಲ್ಲ. ಆದರೆ ಇದರ ಧೂಳು ಕೆಲವರಿಗೆ ಅಲರ್ಜಿ, ಆಸ್ತಮಾ ತರಿಸುತ್ತದೆ. ಕೂದಲಿಗೆ ಬ್ಲೀಚ್ ಹಚ್ಚುವ ಸಲೂನ್ ಕೆಲಸಗಾರರಲ್ಲಿ ಆಸ್ತಮಾ ಕಾಣಿಸಿಕೊಳ್ಳಲು ಇದೇ ವರ್ಗದ ರಾಸಾಯನಿಕ ಒಂದು ಕಾರಣ. ಮನೆಯಲ್ಲಿ ದಮ್ಮಿನ ರೋಗಿ ಇದ್ದರೆ ಇದನ್ನು ತರಲೇಬಾರದು. ಇದರ ದ್ರಾವಣವನ್ನೂ ಬಿಗಿ ಮುಚ್ಚಳದ ಬಾಟಲಿಯಲ್ಲಿ ಇಡಬಾರದು.

ನಾಲ್ಕನೆಯದು ನೈಟ್ರಿಕ್ ಆ್ಯಸಿಡ್. ಚಿನ್ನ ಬೆಳ್ಳಿ ಕೆಲಸದವರ ಬಳಿ ಇರುತ್ತದೆ, ಅಲ್ಲಿಂದ ತಂದು ಬಳಸುವವರೂ ಇದ್ದಾರೆ. ಇದಕ್ಕೆ ಒಂದೇ ಸಲಹೆ: ಮನೆಗೆ ತರಬೇಡಿ. ತಾಮ್ರಕ್ಕೆ ತಗುಲಿದೊಡನೆ ಕೆಂಪು-ಕಂದು ಹೊಗೆ ಏಳುತ್ತದೆ, ಅದು ನೈಟ್ರೋಜನ್ ಡೈಆಕ್ಸೈಡ್. ಅದರ ಮೋಸ ಏನೆಂದರೆ, ಉಸಿರಿನಲ್ಲಿ ಎಳೆದುಕೊಂಡಾಗ ಸ್ವಲ್ಪ ಕೆಮ್ಮು ಬಂದು ನಿಂತು ಹೋಗಬಹುದು. ಮನುಷ್ಯ ಸರಿಯಾಗಿಯೇ ಇದ್ದೇನೆ ಅಂದುಕೊಂಡು ಊಟ ಮಾಡಿ ಮಲಗುತ್ತಾನೆ. ಗಂಟೆಗಳ ನಂತರ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಈಚೆಗೆ ಸಿಟ್ರಿಕ್ ಆ್ಯಸಿಡ್ (ನಿಂಬೆ ಉಪ್ಪು) ಅಥವಾ ವಿನೆಗರ್, ಉಪ್ಪು, ತೆಳು ಪೆರಾಕ್ಸೈಡ್ ಬೆರೆಸಿ ಮಾಡುವ ವಿಧಾನವೂ ಬಂದಿದೆ. "ಎಲ್ಲಾ ಅಡುಗೆಮನೆ ಸಾಮಾನು, ಏನೂ ಆಗಲ್ಲ" ಅಂತ ಹೇಳುತ್ತಾರೆ. ಇದರ ಹೊಗೆ ಕಡಿಮೆ ಎಂಬುದು ನಿಜ. ಆದರೆ ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿಯುವ ನೀಲಿ-ಹಸಿರು ನೀರು ಅಡುಗೆಮನೆ ಸಾಮಾನಲ್ಲ, ಕರಗಿದ ತಾಮ್ರ. ಹಾಕಿದ್ದು ನಿಂಬೆ ಉಪ್ಪೇ ಆದರೂ ಹೊರಬರುವುದು ವಿಷವೇ.

ಎಚಿಂಗ್‌ಗೆ ಹಿಂದೆ ಮುಂದೆ ಇರುವ ಕೆಲಸಗಳನ್ನೂ ಮರೆಯಬಾರದು. ಫೋಟೋ ವಿಧಾನದಲ್ಲಿ ಬೋರ್ಡ್ ಮಾಡುವವರು ಕೆಲವು ಬಗೆಯ ಲೇಪಕ್ಕೆ ಕಾಸ್ಟಿಕ್ ಸೋಡಾ ಬಳಸುತ್ತಾರೆ. ಕಣ್ಣಿಗೆ ಕಾಸ್ಟಿಕ್ ಆ್ಯಸಿಡ್‌ಗಿಂತ ಕೆಟ್ಟದ್ದು, ಏಕೆಂದರೆ ಅದು ಕಣ್ಣಿನ ಪದರಗಳನ್ನು ಕರಗಿಸುತ್ತಾ ಒಳಕ್ಕೆ ಇಳಿಯುತ್ತದೆ. ತೆಳು ವಾಷಿಂಗ್ ಸೋಡಾ ನೀರಿನಲ್ಲೇ ತೊಳೆಯಬಹುದಾದ ಡ್ರೈ ಫಿಲ್ಮ್ ಸಿಗುತ್ತದೆ, ಅದು ಮೇಲು. ಶಾಯಿ ಒರೆಸುವ ಅಸಿಟೋನ್ ಪೆಟ್ರೋಲಿನಂತೆ ಥಟ್ಟನೆ ಹೊತ್ತಿಕೊಳ್ಳುತ್ತದೆ. ಗ್ಯಾಸ್ ಗೀಸರ್ ಇರುವ ಬಾತ್‌ರೂಮಿನಲ್ಲಿ ಅದರ ಬಾಟಲಿ ತೆರೆಯಲೇಬಾರದು. ಹಲಗೆಗೆ ತೂತು ಕೊರೆಯುವಾಗ ಏಳುವ ಧೂಳಿನಲ್ಲಿ ಗಾಜಿನ ನಾರು ಇರುತ್ತದೆ. ಹಲಗೆಯನ್ನು ಒದ್ದೆ ಮಾಡಿ, ಮಾಸ್ಕ್ ಹಾಕಿ ಕೊರೆಯಬೇಕು. ಕೊರೆದ ಮೇಲೆ ಧೂಳನ್ನು ಬಾಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು.

ಬಾತ್‌ರೂಮ್ ಪ್ರಯೋಗಾಲಯವಲ್ಲ

ಊರಿನಲ್ಲಾದರೆ ಅಂಗಳವಿದೆ, ಹಿತ್ತಲಿದೆ. ಮುಂಬೈ, ಪುಣೆ, ಹೈದರಾಬಾದ್‌ನಂಥ ಕಡೆ ಒಂದು ಕೋಣೆ-ಅಡುಗೆಮನೆಯಲ್ಲಿ ಐದಾರು ಜನ ಬದುಕುವ ನಮ್ಮವರಿಗೆ ಆ ಸೌಕರ್ಯ ಇಲ್ಲ. ಹಾಗಾಗಿ ಮಕ್ಕಳು ಬಾತ್‌ರೂಮಿನ ಬಾಗಿಲು ಹಾಕಿಕೊಳ್ಳುತ್ತಾರೆ. ದುರದೃಷ್ಟವೆಂದರೆ, ಇಡೀ ಮನೆಯಲ್ಲಿ ಈ ಕೆಲಸಕ್ಕೆ ಅತ್ಯಂತ ಕೆಟ್ಟ ಜಾಗ ಅದೇ.

ಮೊದಲ ಕಾರಣ, ಜಾಗ ಸಣ್ಣದು, ಗಾಳಿ ಆಡುವುದಿಲ್ಲ. ಎರಡನೆಯದು ಇನ್ನೂ ಗಂಭೀರ. ಬಾತ್‌ರೂಮಿನಲ್ಲೇ ಬ್ಲೀಚಿಂಗ್ ಪೌಡರ್ ಅಥವಾ ಬ್ಲೀಚ್ ದ್ರಾವಣ ಇರುತ್ತದೆ. ಬೆಳಿಗ್ಗೆ ತಾಯಿ ಬ್ಲೀಚಿಂಗ್ ಪೌಡರ್ ಉದುರಿಸಿ ನೆಲ ಉಜ್ಜಿರುತ್ತಾರೆ, ಸಂಜೆ ಮಗ ಅದೇ ಮೋರಿಗೆ ಆ್ಯಸಿಡ್ ನೀರು ಸುರಿಯುತ್ತಾನೆ. ಇಬ್ಬರಿಗೂ ಇನ್ನೊಬ್ಬರು ಮಾಡಿದ್ದು ಗೊತ್ತಿಲ್ಲ. ಬ್ಲೀಚ್ ಮತ್ತು ಆ್ಯಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಜರ್ಮನ್ ಸೇನೆ ಶತ್ರು ಸೈನಿಕರ ಮೇಲೆ ಬಿಟ್ಟದ್ದು ಇದೇ ಅನಿಲವನ್ನು. ಗಾಳಿಗಿಂತ ಇದು ಸುಮಾರು ಎರಡೂವರೆ ಪಟ್ಟು ಭಾರ. ಹಾಗಾಗಿ ಮೇಲಿನ ಕಿಟಕಿಯಿಂದ ಹೊರಗೆ ಹೋಗದೆ ನೆಲದ ಹತ್ತಿರವೇ ನಿಲ್ಲುತ್ತದೆ. ನೆಲದ ಹತ್ತಿರ ಇರುವವರು ಯಾರು? ಕುಕ್ಕರುಗಾಲಲ್ಲಿ ಕೂತು ಡಬ್ಬಿ ಅಲ್ಲಾಡಿಸುತ್ತಿರುವ ಹುಡುಗ, ಬಾಗಿಲ ಆಚೆ ಅಂಬೆಗಾಲಿಡುವ ಮಗು.

ಪುಣೆಯಲ್ಲಿ ಡಿಪ್ಲೊಮಾ ಓದುವ ನನ್ನ ತಂಗಿಯ ಮಗ ಒಮ್ಮೆ ಫೋನಿನಲ್ಲಿ ಕೇಳಿದ: "ಮಾಮಾ, ನಾನು ಎನ್-95 ಮಾಸ್ಕ್ ಹಾಕ್ಕೊಂಡೇ ಮಾಡ್ತೀನಿ. ಸಾಕಲ್ವಾ?" ಕೊರೊನಾ ಕಾಲದಿಂದ ನಮ್ಮಲ್ಲಿ ಅನೇಕರಿಗೆ ಇರುವ ನಂಬಿಕೆ ಇದು. ಆ ಮಾಸ್ಕ್ ಧೂಳನ್ನು, ಹನಿಗಳನ್ನು ತಡೆಯುತ್ತದೆ. ಅನಿಲವನ್ನು ತಡೆಯುವುದಿಲ್ಲ. ಆ್ಯಸಿಡ್ ಆವಿ, ಕ್ಲೋರಿನ್ ಎರಡೂ ಅದರ ಮೂಲಕ ಸರಾಗವಾಗಿ ಒಳಗೆ ಬರುತ್ತವೆ. ಅನಿಲಕ್ಕೆ ಮನೆಯಲ್ಲಿರುವ ಔಷಧ ತೆರೆದ ಗಾಳಿ ಒಂದೇ. ಬಾಲ್ಕನಿ, ತಾರಸಿ, ಎರಡು ಕಿಟಕಿ ಎದುರುಬದುರಾಗಿ ತೆರೆದ ಕೋಣೆ, ಇವುಗಳಲ್ಲಿ ಒಂದಾದರೂ ಇಲ್ಲದಿದ್ದರೆ ಎಚಿಂಗ್ ಮನೆಯಲ್ಲಿ ಬೇಡ, ಕಾಲೇಜಿನ ಲ್ಯಾಬಿನಲ್ಲಿ ಮಾಡಿ ಎಂದು ಅವನಿಗೂ ಹೇಳಿದೆ.

ಮೈಗೆ ಹಾಕುವುದಕ್ಕೆ ದುಬಾರಿ ಸಾಮಾನೇನೂ ಬೇಡ. ಪಕ್ಕದಿಂದಲೂ ಮುಚ್ಚಿಕೊಳ್ಳುವ ಕನ್ನಡಕ ಕಡ್ಡಾಯ. ಓದುವ ಕನ್ನಡಕ ಇದಕ್ಕೆ ಸಾಲದು. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ತೆಗೆದಿಡಿ. ಪಾತ್ರೆ ತೊಳೆಯುವ ದಪ್ಪ ರಬ್ಬರ್ ಕೈಗವಸು ಅಥವಾ ನೈಟ್ರೈಲ್ ಕೈಗವಸು, ತುಂಬುತೋಳಿನ ಹಳೆಯ ಹತ್ತಿ ಅಂಗಿ, ಪೂರ್ತಿ ಮುಚ್ಚುವ ಚಪ್ಪಲಿ ಸಾಕು. ಜೋತಾಡುವ ದುಪಟ್ಟಾ, ಸ್ಕಾರ್ಫನ್ನು ಬಿಗಿಯಾಗಿ ಸಿಕ್ಕಿಸಿಕೊಳ್ಳಿ. ಬಕೆಟ್ ತುಂಬ ನೀರು ಪಕ್ಕದಲ್ಲೇ ಇರಲಿ, ಏಕೆಂದರೆ ನಮ್ಮ ನಗರಗಳಲ್ಲಿ ಬೇಕಾದಾಗ ನಲ್ಲಿಯಲ್ಲಿ ನೀರು ಬರುತ್ತದೆಂಬ ಖಾತ್ರಿ ಇಲ್ಲ. ಒಬ್ಬರೇ ಇರುವಾಗ ಮಾಡಬೇಡಿ. ಆ್ಯಸಿಡ್ ತೆಳು ಮಾಡುವಾಗ ಯಾವತ್ತೂ ನೀರಿಗೆ ಆ್ಯಸಿಡ್ ಹಾಕಬೇಕು, ಆ್ಯಸಿಡ್‌ಗೆ ನೀರು ಹಾಕಿದರೆ ಅದು ಮುಖಕ್ಕೇ ಎರಚುತ್ತದೆ.

ಬಾಟಲಿಯ ವಿಷಯ

ನೀರಿಗೆ ಕಲಸಿದ ಫೆರಿಕ್ ಕ್ಲೋರೈಡ್‌ನ ಬಣ್ಣ ಕೋಲಾದ ಬಣ್ಣ. ತಾಮ್ರ ಕರಗಿದ ಆ್ಯಸಿಡ್‌ನ ಬಣ್ಣ ಹಸಿರು ಶರಬತ್ತಿನ ಬಣ್ಣ. ಇನ್ನು ನಮ್ಮ ಮನೆಗಳಲ್ಲಿ ಉಳಿದ ದ್ರವವನ್ನು ತುಂಬಿಡುವುದು ಯಾವುದರಲ್ಲಿ? ಖಾಲಿ ಕೋಲಾ ಬಾಟಲಿಯಲ್ಲಿ, ನೀರಿನ ಬಾಟಲಿಯಲ್ಲಿ. ಬಿಸಿಲಲ್ಲಿ ಆಡಿ ಬಂದ ಹುಡುಗ, ಕತ್ತಲಲ್ಲಿ ಕೈಗೆ ಸಿಕ್ಕ ಬಾಟಲಿ ಎತ್ತಿದ ಅಜ್ಜ, ಮನೆಗೆಲಸಕ್ಕೆ ಬಂದ ಹೆಂಗಸು, ಇವರಲ್ಲಿ ಯಾರಿಗೆ ಗೊತ್ತಾಗಬೇಕು? ಒಂದು ಗುಟುಕು ಸಾಕು ಗಂಟಲು, ಅನ್ನನಾಳ ಸುಡಲು.

ಆದ್ದರಿಂದ ತಿನ್ನುವ ಕುಡಿಯುವ ಪದಾರ್ಥದ ಬಾಟಲಿಯಲ್ಲಿ ರಾಸಾಯನಿಕ ಇಡಬಾರದು. ಇದು ಈ ಕೆಲಸದ ಮೊದಲ ಶರತ್ತು. ಅದು ಬಂದ ಡಬ್ಬಿಯಲ್ಲೇ ಅಥವಾ ಅದಕ್ಕೆಂದೇ ತಂದ ದಪ್ಪ ಪ್ಲಾಸ್ಟಿಕ್ ಡಬ್ಬಿಯಲ್ಲೇ ಇಡಿ. ಲೇಬಲ್ ಬರೆಯುವಾಗ ಇಂಗ್ಲಿಷಿನಲ್ಲಿ ರಾಸಾಯನಿಕದ ಹೆಸರು ಬರೆದು ಕೈ ತೊಳೆದುಕೊಳ್ಳಬೇಡಿ. ಮನೆಯಲ್ಲಿ ಯಾರು ಯಾವ ಭಾಷೆ ಓದುತ್ತಾರೋ ಆ ಭಾಷೆಯಲ್ಲೆಲ್ಲ ಬರೆಯಬೇಕು. ಅಮ್ಮಿಗೆ ಉರ್ದು ಅಥವಾ ಕನ್ನಡ, ಕೆಲಸದವಳಿಗೆ ಮರಾಠಿ ಅಥವಾ ತೆಲುಗು. ಓದು ಬಾರದವರಿಗಾಗಿ ಕೆಂಪು ಬಣ್ಣದಲ್ಲಿ ತಲೆಬುರುಡೆಯ ಗುರುತು. ಪರದೇಶದಂಥ ಊರಿನಲ್ಲಿ ನಾಲ್ಕು ಭಾಷೆಗಳ ನಡುವೆ ಬದುಕುವ ನಮಗೆ ಇದು ಹೊಸ ಪಾಠವಲ್ಲ. ಆಮೇಲೆ ಆ ಡಬ್ಬಿಯನ್ನು ಮಕ್ಕಳ ಕೈಗೆ ಸಿಗದಂತೆ, ಬೀಗ ಹಾಕುವ ಕಪಾಟಿನಲ್ಲಿ ಇಡಿ. ಎಚಿಂಗ್‌ಗೆ ಬಳಸಿದ ಡಬ್ಬಿ, ಚಮಚ, ಟಬ್ಬು ಮತ್ತೆ ಅಡುಗೆಮನೆಗೆ ಹೋಗಕೂಡದು, ಎಷ್ಟು ತೊಳೆದರೂ.

ಕೊಳ್ಳುವಾಗಲೂ ಒಂದು ಕಾನೂನು ಇದೆ. ಹೆಣ್ಣುಮಕ್ಕಳ ಮೇಲೆ ನಡೆದ ಆ್ಯಸಿಡ್ ದಾಳಿಗಳ ಹಿನ್ನೆಲೆಯಲ್ಲಿ ಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈ 18ರಂದು ಆದೇಶ ನೀಡಿ, 18 ವರ್ಷ ತುಂಬದವರಿಗೆ ಆ್ಯಸಿಡ್ ಮಾರಬಾರದು, ಕೊಳ್ಳುವವರ ಗುರುತಿನ ಚೀಟಿ ನೋಡಿ, ಯಾತಕ್ಕೆ ಎಂದು ಕೇಳಿ, ವಿವರ ಬರೆದಿಡಬೇಕು ಎಂದಿತು. ಅಂಗಡಿಯವರು ಕೇಳದೆ ಕೊಟ್ಟರೂ ನಾವು ಹದಿನಾರರ ಹುಡುಗನನ್ನು ಆ್ಯಸಿಡ್ ತರಲು ಕಳಿಸಬಾರದು. ಆ ಕಾನೂನಿನ ಹಿಂದೆ ಸುಟ್ಟ ಮುಖಗಳಿವೆ.

ಫ್ಲಶ್ ಮಾಡಿದ ಮೇಲೆ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಒಂದು ಲೆಕ್ಕ ಹಾಕಿ ನೋಡಿ. ಹಲಗೆಯ ಅಳತೆ 10 ಸೆಂ.ಮೀ. ಉದ್ದ, 15 ಸೆಂ.ಮೀ. ಅಗಲ ಇರಲಿ. ತಾಮ್ರದ ದಪ್ಪ 35 ಮೈಕ್ರಾನ್. ಗುಣಿಸಿದರೆ ಅದರ ಮೇಲಿರುವ ತಾಮ್ರ ಸುಮಾರು 4.7 ಗ್ರಾಂ. ಮೂರರಲ್ಲಿ ಎರಡು ಭಾಗ ಕರಗಿತು ಎಂದರೆ ಡಬ್ಬಿಯ ನೀರಿನಲ್ಲಿ ಸುಮಾರು 3 ಗ್ರಾಂ ತಾಮ್ರ. "ಮೂರು ಗ್ರಾಂ ಯಾವ ಲೆಕ್ಕ?" ಅನಿಸಬಹುದು.

ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 0.05 ಮಿಲಿಗ್ರಾಂ ತಾಮ್ರ ಇರಬಹುದು. ಬೇರೆ ನೀರು ಸಿಗದಿದ್ದರೆ ಹೆಚ್ಚೆಂದರೆ 1.5 ಮಿಲಿಗ್ರಾಂ. ಆ 3 ಗ್ರಾಂ ತಾಮ್ರವನ್ನು ಮೊದಲನೆಯ ಮಟ್ಟಕ್ಕೆ ಇಳಿಸಲು 60,000 ಲೀಟರ್ ನೀರು ಬೇಕು. ಅಂದರೆ 6,000 ಲೀಟರ್‌ನ ಹತ್ತು ಟ್ಯಾಂಕರ್. ಒಂದು ಸಣ್ಣ ಬೋರ್ಡಿಗೆ ಹತ್ತು ಟ್ಯಾಂಕರ್ ನೀರು! ಬೇಸಿಗೆಯಲ್ಲಿ ಟ್ಯಾಂಕರ್ ಮುಂದೆ ಕೊಡ ಹಿಡಿದು ನಿಂತವರಿಗೆ ಈ ಲೆಕ್ಕದ ಭಾರ ಗೊತ್ತು. ಒಂದು ಫ್ಲಶ್‌ನಲ್ಲಿ ಹೋಗುವುದು ಹೆಚ್ಚೆಂದರೆ ಹತ್ತು ಲೀಟರ್.

ಮೀನು, ಪಾಚಿಗಳಿಗಂತೂ ತಾಮ್ರ ಮನುಷ್ಯರಿಗಿಂತ ಎಷ್ಟೋ ಕಡಿಮೆ ಪ್ರಮಾಣದಲ್ಲೇ ಮಾರಕ. ಕೊಳಚೆ ನೀರು ಶುದ್ಧೀಕರಣ ಘಟಕ ನಡೆಯುವುದೇ ಬ್ಯಾಕ್ಟೀರಿಯಾಗಳಿಂದ, ಅವುಗಳನ್ನೂ ತಾಮ್ರ ಕೊಲ್ಲುತ್ತದೆ. ಹೈದರಾಬಾದಿನ ಮೂಸಿ, ಪುಣೆಯ ಮುಳಾ-ಮುಠಾ, ಚೆನ್ನೈಯ ಕೂವಂ ಕೆಟ್ಟದ್ದು ನಮ್ಮ ಒಂದು ಡಬ್ಬಿಯಿಂದ ಅಲ್ಲ ನಿಜ. ಆದರೆ ಉತ್ತರ ಪ್ರದೇಶದ ಮುರಾದಾಬಾದನ್ನು ನೋಡಿ. ಅಲ್ಲಿ ಬಡ ಕುಟುಂಬಗಳು ರಾಮಗಂಗಾ ನದಿಯ ದಡದಲ್ಲಿ ಹಳೆಯ ಸರ್ಕ್ಯೂಟ್ ಬೋರ್ಡ್‌ಗಳನ್ನು ಸುಟ್ಟು, ತೊಳೆದು ಲೋಹ ತೆಗೆದು ಹೊಟ್ಟೆ ಹೊರೆದವು. ಆ ಮಾಲಿನ್ಯದ ವಿಷಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಅವರನ್ನು ಹಸಿವು ಆ ಕೆಲಸಕ್ಕೆ ನೂಕಿತ್ತು. ಓದಿದ ನಮಗೆ ಯಾವ ನೆಪ ಇದೆ?

ಚರಂಡಿಯ ಮಾತು ಬಂದಾಗ ಅದರೊಳಗೆ ಇಳಿಯುವ ಮನುಷ್ಯನನ್ನೂ ನೆನೆಯಬೇಕು. ಕೈಯಿಂದ ಮಲ ಬಾಚುವುದನ್ನು, ಸುರಕ್ಷತಾ ಸಾಧನವಿಲ್ಲದೆ ಮ್ಯಾನ್‌ಹೋಲ್‌ಗೆ ಇಳಿಸುವುದನ್ನು 2013ರ ಕಾನೂನು ನಿಷೇಧಿಸಿದೆ. ಆದರೂ ಇಳಿಯುವವರು ಇದ್ದಾರೆ, ಸಾಯುವವರೂ ಇದ್ದಾರೆ. ನಾವು ಸುರಿದ ಆ್ಯಸಿಡ್ ಅವರ ಬರಿಗಾಲಿಗೆ ತಗುಲುತ್ತದೆ.

ಹಾಗಾದರೆ ಮಾಡುವುದೇನು? ದಾರಿ ಇದೆ, ಕಷ್ಟವೂ ಅಲ್ಲ. ಮೊದಲು, ಕಡಿಮೆ ಕರಗಿಸಿ. ನಕ್ಷೆ ಬರೆಯುವಾಗ ಗೆರೆಗಳ ನಡುವಿನ ಖಾಲಿ ಜಾಗದ ತಾಮ್ರವನ್ನೆಲ್ಲ ತೆಗೆಯುವ ಬದಲು, ಗೆರೆಯ ಸುತ್ತ ಸಣ್ಣ ಸಂದು ಮಾತ್ರ ಬಿಟ್ಟು ಉಳಿದದ್ದನ್ನು ಹಾಗೇ ಇರಿಸಿ. ಕರಗುವ ತಾಮ್ರ ಕಾಲು ಭಾಗಕ್ಕೂ ಇಳಿಯಬಹುದು, ರಾಸಾಯನಿಕವೂ ಉಳಿಯುತ್ತದೆ. ಎರಡನೆಯದಾಗಿ, ಫೆರಿಕ್ ಕ್ಲೋರೈಡ್ ದ್ರಾವಣವನ್ನು ಒಂದು ಸಲ ಬಳಸಿ ಚೆಲ್ಲಬೇಡಿ. ಕೆಲಸ ತೀರಾ ನಿಧಾನವಾಗುವವರೆಗೆ ಅದೇ ದ್ರಾವಣದಲ್ಲಿ ಅನೇಕ ಬೋರ್ಡ್ ಮಾಡಬಹುದು.

ಪೂರ್ತಿ ಸೋತ ದ್ರಾವಣವನ್ನು ದೊಡ್ಡ ಪ್ಲಾಸ್ಟಿಕ್ ಬಕೆಟ್‌ಗೆ ಹಾಕಿ, ನೀರು ಸೇರಿಸಿ ತೆಳು ಮಾಡಿ. ಪೆರಾಕ್ಸೈಡ್ ಮಿಶ್ರಣವಾದರೆ ತೆರೆದ ಗಾಳಿಯಲ್ಲಿ, ಯಾರೂ ಮುಟ್ಟದ ಕಡೆ ಒಂದೆರಡು ದಿನ ಮುಚ್ಚಳ ಬಿಗಿಯದೆ ಇಟ್ಟು, ಗುಳ್ಳೆ ನಿಂತ ಮೇಲೆ ಮುಂದುವರಿಯಿರಿ. ನಂತರ ಬಟ್ಟೆ ಒಗೆಯುವ ವಾಷಿಂಗ್ ಸೋಡಾವನ್ನು ಚಮಚ ಚಮಚವಾಗಿ ಹಾಕಿ. ನೊರೆ ಉಕ್ಕುತ್ತದೆ, ಅದು ಇಳಿದ ಮೇಲೆ ಇನ್ನೊಂದು ಚಮಚ. ಅವಸರ ಬೇಡ. ನೊರೆ ಪೂರ್ತಿ ನಿಂತು, ಪಿಎಚ್ ಕಾಗದ 8ರ ಹತ್ತಿರ ತೋರಿಸಿದಾಗ ನಿಲ್ಲಿಸಿ. ಒಂದು ರಾತ್ರಿ ಬಿಟ್ಟರೆ ತಾಮ್ರ, ಕಬ್ಬಿಣ ಎರಡೂ ಕೆಸರಾಗಿ ತಳಕ್ಕೆ ಕೂರುತ್ತವೆ. ಮೇಲಿನ ನೀರು ತಿಳಿಯಾಗಿ, ಬಣ್ಣವಿಲ್ಲದೆ ಇರಬೇಕು. ನೀಲಿ ಛಾಯೆ ಇದ್ದರೆ ತಾಮ್ರ ಇನ್ನೂ ನೀರಿನಲ್ಲೇ ಇದೆ ಎಂದರ್ಥ, ಅದನ್ನು ಚೆಲ್ಲಬಾರದು. ಅಮೋನಿಯಾ ಇರುವ ಕ್ಲೀನರ್ ಇದಕ್ಕೆ ಹಾಕಬೇಡಿ, ಕೂತ ತಾಮ್ರವನ್ನು ಅದು ಮತ್ತೆ ಕರಗಿಸುತ್ತದೆ.

ತಿಳಿನೀರನ್ನು ಬಟ್ಟೆಯಲ್ಲಿ ಸೋಸಿ, ಧಾರಾಳ ನೀರಿನ ಜೊತೆ ಮೋರಿಗೆ ಬಿಡಬಹುದು. ಕೆಸರನ್ನು ಬಟ್ಟೆ ಸಮೇತ ಒಣಗಿಸಿ, ಲೇಬಲ್ ಬರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಡಿ. ವರ್ಷವಿಡೀ ಹವ್ಯಾಸಕ್ಕೆ ಬೋರ್ಡ್ ಮಾಡಿದರೂ ಒಂದು ಡಬ್ಬಿ ತುಂಬುವುದು ಕಷ್ಟ. ಅದನ್ನು ಹಸಿ ಕಸ, ಒಣ ಕಸದ ಜೊತೆ ಹಾಕಬೇಡಿ, ಗಿಡದ ಬುಡಕ್ಕೂ ಬೇಡ. ಮನೆಯ ಇಂಥ ಅಪಾಯಕಾರಿ ಕಸವನ್ನು ಬೇರೆ ಇಟ್ಟು ಕೊಡಬೇಕೆಂದು ಘನತ್ಯಾಜ್ಯ ನಿಯಮಗಳು ಹೇಳುತ್ತವೆ. ನಗರಪಾಲಿಕೆಯ ವಾರ್ಡ್ ಕಚೇರಿಯಲ್ಲಿ ಸಂಗ್ರಹ ಕೇಂದ್ರ ಎಲ್ಲಿದೆ ಎಂದು ಕೇಳಿ, ಅಥವಾ ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನವರು ತಮ್ಮ ತ್ಯಾಜ್ಯದ ಜೊತೆ ತೆಗೆದುಕೊಳ್ಳುತ್ತಾರಾ ವಿಚಾರಿಸಿ.

ಅನಾಹುತ ಆದಾಗ

ಚರ್ಮಕ್ಕೆ ಬಿದ್ದರೆ ಒದ್ದೆಯಾದ ಬಟ್ಟೆ, ಉಂಗುರ, ವಾಚ್ ತೆಗೆದು ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಂಡು 20 ನಿಮಿಷ, ಉರಿ ಕಡಿಮೆಯಾಯಿತು ಅಂತ ನಿಲ್ಲಿಸಬಾರದು. ಅರಿಶಿಣ, ತುಪ್ಪ, ಟೂತ್‌ಪೇಸ್ಟ್ ಏನೂ ಹಚ್ಚಬೇಡಿ. ಆ್ಯಸಿಡ್ ಬಿದ್ದ ಕಡೆ ಸೋಡಾ ಉಜ್ಜುವುದೂ ಬೇಡ. ಕಣ್ಣಿಗೆ ಬಿದ್ದರೆ ರೆಪ್ಪೆಗಳನ್ನು ಬೆರಳಿನಿಂದ ಬಿಡಿಸಿ ಹಿಡಿದು ಅಷ್ಟೇ ಹೊತ್ತು ನೀರು ಹಾಯಿಸಿ, ಆಮೇಲೆ ನೇರ ಕಣ್ಣಿನ ಆಸ್ಪತ್ರೆಗೆ. ಮೊದಲು ನೀರು, ಆಮೇಲೆ ರಿಕ್ಷಾ. ಹೊಗೆ ಕುಡಿದವರನ್ನು ತೆರೆದ ಗಾಳಿಗೆ ತಂದು ಕೂರಿಸಿ. ಕೆಮ್ಮು ನಿಂತರೂ ವೈದ್ಯರಿಗೆ ತೋರಿಸಿ. ನುಂಗಿದ್ದರೆ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ, ಇಳಿಯುವಾಗ ಸುಟ್ಟದ್ದು ಮೇಲೆ ಬರುವಾಗ ಮತ್ತೊಮ್ಮೆ ಸುಡುತ್ತದೆ. ಬಾಯಿ ಮುಕ್ಕಳಿಸಿ, ಬಾಟಲಿಯನ್ನೂ ಜೊತೆಗೆ ತೆಗೆದುಕೊಂಡು ಆಸ್ಪತ್ರೆಗೆ ಓಡಿ. ದೇಶದ ಎಲ್ಲಿಂದಲಾದರೂ ತುರ್ತು ಸಂಖ್ಯೆ 112. ದಿಲ್ಲಿಯ ಏಮ್ಸ್‌ನಲ್ಲಿ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರವಿದೆ, ಅದರ ಉಚಿತ ಸಂಖ್ಯೆ 1800 116 117. ಯಾವ ವಿಷ, ಏನು ಚಿಕಿತ್ಸೆ ಎಂದು ಅಲ್ಲಿ ಹೇಳುತ್ತಾರೆ.

ಇಷ್ಟೆಲ್ಲ ಓದಿ ಯಾವ ತಂದೆತಾಯಿಯೂ ಮಕ್ಕಳ ಕೈಯಿಂದ ಬೋರ್ಡ್ ಕಿತ್ತುಕೊಳ್ಳಬಾರದು. ಮೊಬೈಲ್ ರಿಪೇರಿ ಅಂಗಡಿಯಲ್ಲಿ ಬೋರ್ಡ್ ಬದಲಾಯಿಸುತ್ತಾ ಜೀವನ ಕಳೆಯುವ ನಮ್ಮ ಎಷ್ಟೋ ಹುಡುಗರು, ಆ ಬೋರ್ಡ್ ಮಾಡುವುದನ್ನೂ ಕಲಿತರೆ ಅದು ದೊಡ್ಡ ಹೆಜ್ಜೆ. ಅಭ್ಯಾಸಕ್ಕೆ ಬ್ರೆಡ್‌ಬೋರ್ಡ್ ಇದೆ, ತೂತುಗಳಿರುವ ಸಾದಾ ಬೋರ್ಡ್ ಇದೆ, ಅವಕ್ಕೆ ರಾಸಾಯನಿಕವೇ ಬೇಡ. ನಕ್ಷೆ ಕಳಿಸಿದರೆ ಬೋರ್ಡ್ ಮಾಡಿ ಕೊರಿಯರ್ ಮಾಡುವ ಕಂಪನಿಗಳೂ ಈಗ ದೇಶದಲ್ಲೇ ಇವೆ. ತಾಮ್ರ ಕರಗುವುದನ್ನು ಕಣ್ಣಾರೆ ನೋಡಿ ಕಲಿಯಬೇಕೆಂದಿದ್ದರೆ ಗಾಳಿ ಇರುವ ಕಡೆ, ಮನೆಯವರಿಗೆಲ್ಲ ಹೇಳಿ, ಮಾಡಿ.

ಅಂಗಡಿಯಲ್ಲಿ ಪ್ಯಾಕೆಟ್ ಕೈಗೆ ತೆಗೆದುಕೊಳ್ಳುವ ಮೊದಲೇ ಒಂದು ಪ್ರಶ್ನೆಗೆ ಉತ್ತರ ಸಿದ್ಧವಿರಲಿ: ಕೆಲಸ ಮುಗಿದ ಮೇಲೆ ಈ ನೀರನ್ನು ಎಲ್ಲಿ ಇಡುತ್ತೇನೆ, ಯಾರಿಗೆ ಕೊಡುತ್ತೇನೆ? ಉತ್ತರ ಇದ್ದರೆ ಕೊಳ್ಳಿ. ಇಲ್ಲದಿದ್ದರೆ ವಾಪಸ್ ಇಟ್ಟುಬಿಡಿ, ಉತ್ತರ ಹುಡುಕಿಕೊಂಡು ಇನ್ನೊಂದು ದಿನ ಬರಬಹುದು.